ಬೆನ್ನ ಹಿಂದಿನ ಗಂಟು

ಫ್ಲೊರಿಯನ್ನು ಕವೆಂಟ್ರಿಗೆ ಕಳಿಸಿ ಅಂದಿಗೆ ಒಂಬತ್ತು ದಿನ. ಹಾಗೆಂದು ಅವಳು ಲ್ಯಾಂಕಾಶೈರಿನ ಆ ಬಟ್ಟೆ ಮಿಲ್ಲು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಹಿಲ್ಡಾಳ ಪಕ್ಕದ ಮಗ್ಗಗಳ ನಡುವೆಯೇ ಇದ್ದಳು. ಒಬ್ಬರಿಗೆ ನಾಲ್ಕೇ ಮಗ್ಗ, ಹೆಚ್ಚು ಕೊಟ್ಟರೆ ಮುಷ್ಕರ ಎಂದು ಸಭೆಯಲ್ಲಿ ಎಲ್ಲರೂ ಕೈಯೆತ್ತಿದಾಗ ಅವಳೊಬ್ಬಳು "ನಾನು ಒಪ್ಪಲ್ಲ" ಎಂದಿದ್ದಳು. ಅಂದಿನಿಂದ ಅವಳೊಡನೆ ಯಾರಿಗೂ ಮಾತಿಲ್ಲ. ಆ ಕಡೆಯವರ ಬಾಯಲ್ಲಿ ಕವೆಂಟ್ರಿಗೆ ಕಳಿಸುವುದೆಂದರೆ ಅದೇ.

ಚಹಾಕ್ಕೆಂದು ಮಗ್ಗಗಳು ನಿಂತಾಗ ಹಿರಿಯಳು ಬರ್ತಾ ಬೇಕೆಂದೇ ದನಿ ಎತ್ತರಿಸಿದಳು.

"ಕವೆಂಟ್ರೀಲಿ ಇವತ್ತು ಭಾರೀ ಬಿಸಿಲಂತೆ ಕಣ್ರೇ! ಹೋದೋರು ಒಂದು ಕಾಗದಾನಾದ್ರೂ ಹಾಕಬಾರದಾ?"

ಎಲ್ಲರೂ ನಕ್ಕರು. ಫ್ಲೊರಿ ಕೈಯಲ್ಲಿದ್ದ ಬ್ರೆಡ್ಡನ್ನೇ ನೋಡುತ್ತ ಕೂತಿದ್ದಳು.

"ಸಾಕು ಬಿಡೇ ಬರ್ತಾ," ಹಿಲ್ಡಾ ಮೆಲ್ಲಗೆ ಅಂದಳು.

"ಯಾಕಮ್ಮಾ, ನಿಂಗೂ ಒಂದು ಟಿಕೆಟ್ ತೆಗೀಲಾ?"

ಹಿಲ್ಡಾ ತಲೆ ತಗ್ಗಿಸಿ ಚಹಾ ಕುಡಿದಳು.

ಇಪ್ಪತ್ತು ವರ್ಷ ಪ್ರತಿ ಬೆಳಿಗ್ಗೆ ಹಿಲ್ಡಾ, ಫ್ಲೊರಿ ಇಬ್ಬರೂ ಒಬ್ಬರ ಏಪ್ರನ್ನಿನ ದಾರವನ್ನು ಇನ್ನೊಬ್ಬರು ಬೆನ್ನ ಹಿಂದೆ ಬಿಗಿದು ಕಟ್ಟಿಕೊಂಡು ಬಂದವರು. ಈಗ ಇಬ್ಬರೂ ತಾವೇ ಕೈ ಹಿಂದೆ ಚಾಚಿ ಹೇಗೋ ಗಂಟು ಹಾಕಿಕೊಳ್ಳುತ್ತಿದ್ದರು. ಫ್ಲೊರಿಯ ಗಂಟು ಇಂದು ಸಡಿಲವಾಗಿತ್ತು. ಹಿಲ್ಡಾ ಅದನ್ನು ಬೆಳಿಗ್ಗೆಯೇ ನೋಡಿದ್ದಳು, ನೋಡಿ ಸುಮ್ಮನಿದ್ದಳು.

ಮಗ್ಗಗಳು ಮತ್ತೆ ಹೊರಟವು. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡಿಕೊಳ್ಳುವವರು. ಫ್ಲೊರಿ ಕಡಿದ ಎಳೆ ಜೋಡಿಸಲು ಬಾಗಿದಳು. ಗಂಟು ಬಿಚ್ಚಿತು. ದಾರದ ತುದಿ ಮಗ್ಗವನ್ನು ಓಡಿಸುವ ಬೆಲ್ಟಿನ ಗಾಳಿಗೆ ಅತ್ತ ಇತ್ತ ಆಡತೊಡಗಿತು. ಹೋದ ವರ್ಷ ಆ ಬೆಲ್ಟು ಒಬ್ಬಳ ತೋಳನ್ನೇ ತೆಗೆದುಕೊಂಡಿತ್ತು.

"ಫ್ಲೊರಿ!" ಹಿಲ್ಡಾಳ ತುಟಿಗಳು ತಾವಾಗಿ ಆಡಿಬಿಟ್ಟವು. "ಫ್ಲೊರೀ, ಹಿಂದೆ ನೋಡೇ!"

ಫ್ಲೊರಿ ತಲೆಯೆತ್ತಲಿಲ್ಲ. ಎಲ್ಲರೂ ಮುಖ ತಿರುಗಿಸಿದ ಈ ಒಂಬತ್ತು ದಿನಗಳಲ್ಲಿ ಅವಳು ಯಾರ ಮುಖವನ್ನೂ ನೋಡುವುದನ್ನೇ ಬಿಟ್ಟಿದ್ದಳು.

ಹಿಲ್ಡಾ ತನ್ನ ನಾಲ್ಕೂ ಮಗ್ಗ ಬಿಟ್ಟು ಓಡಿದಳು. ಬೆಲ್ಟಿಗೆ ಗೇಣು ದೂರದಲ್ಲಿ ದಾರವನ್ನು ಹಿಡಿದೆಳೆದಳು. ಬೆಚ್ಚಿ ತಿರುಗಿದ ಫ್ಲೊರಿ ಮೊದಲು ಬೆಲ್ಟನ್ನು, ಆಮೇಲೆ ಅವಳ ಕೈಯಲ್ಲಿದ್ದ ದಾರವನ್ನು ನೋಡಿದಳು. ಮುಖ ಬಿಳಿಚಿತು.

"ನಿಂತ್ಕೋ," ಎಂದವು ಹಿಲ್ಡಾಳ ತುಟಿಗಳು. ಎರಡು ಗಂಟು ಬಿಗಿದು ತಲೆಯೆತ್ತಿದಾಗ ಸಾಲಿನುದ್ದಕ್ಕೂ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಯಾವ ತುಟಿಯೂ ಅಲುಗಲಿಲ್ಲ. ಬರ್ತಾ ಎಲ್ಲರಿಗಿಂತ ಮೊದಲು ಮುಖ ತಿರುಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಹಿಲ್ಡಾ ಫ್ಲೊರಿಯ ಕಡೆ ಬೆನ್ನು ಮಾಡಿ, ತನ್ನ ಸಡಿಲ ಗಂಟಿನ ಮೇಲೆ ಅವಳ ಬೆರಳುಗಳು ಬರುತ್ತವೋ ಇಲ್ಲವೋ ಎಂದು ಕಾಯುತ್ತ ನಿಂತಳು.