ಬೀರಪ್ಪ ಓಡದ ಪಂದ್ಯ

ವಿರಾಮದ ಶಿಳ್ಳೆ ಬಿದ್ದದ್ದೇ ತಡ, ಲೋಕಪ್ಪ ನೀರಿನ ಬಾಟಲಿಯನ್ನು ನೆಲಕ್ಕೆ ಕುಕ್ಕಿದ.

"ಬೀರಣ್ಣ, ನಿಜ ಹೇಳು. ಅವರ ಕಡೆ ಸೇರ್ಕಂಡಿದೀಯಾ?"

ಚಿಕ್ಕಬೀರಪ್ಪ ಬೂಟಿನ ಲೇಸು ಕಟ್ಟುತ್ತಿದ್ದ. ಮೊದಲಾರ್ಧದಲ್ಲಿ ಅವನು ಅತಿ ಹೆಚ್ಚು ಮಾಡಿದ ಕೆಲಸವೇ ಅದು.

ಲೋಕಪ್ಪ ಶಿಕಾರಿಪುರದ ಹಿರಿಯರ ಫುಟ್‌ಬಾಲ್ ತಂಡದ ನಾಯಕ. ಸೊರಬದವರು ಒಂದು ಗೋಲು ಮುಂದಿದ್ದರು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು, ತನ್ನ ಸ್ಟ್ರೈಕರ್ ಇಷ್ಟು ಹೊತ್ತೂ ಒಮ್ಮೆಯೂ ಓಡದಿದ್ದದ್ದು. ಮೈದಾನದ ಅಂಚಿನ ಹೊಂಗೆಮರದ ನೆರಳಲ್ಲಿ, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ.

ಇದೇ ಚಿಕ್ಕಬೀರಪ್ಪ ಒಂದು ಕಾಲಕ್ಕೆ ಜಿಲ್ಲಾ ತಂಡಕ್ಕೆ ಆಡಿದವನು. ಬೆಂಗಳೂರಿನ ಕಾರ್ಖಾನೆಯೊಂದರ ತಂಡದಲ್ಲಿ ಲೀಗ್ ಆಡಿ, ಮಂಡಿ ಕೈಕೊಟ್ಟ ಮೇಲೆ ಶಿರಾಳಕೊಪ್ಪಕ್ಕೆ ಬಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿದ್ದ. ಬೇರಿಂಗ್ ಬೇಕಾದವರು ಮೊದಲು ಒಂದು ಗೋಲಿನ ಕಥೆ ಕೇಳಬೇಕಿತ್ತು. ಆ ಕಥೆಗಳಲ್ಲಿ ಶತ್ರುಗಳೂ ಒಪ್ಪುವಂಥದ್ದು ಒಂದೇ: ಸೊರಬದ ಈ ಮೈದಾನದಿಂದ ಅವನು ಗೋಲು ಹೊಡೆಯದೆ ಮರಳಿದ್ದೇ ಇಲ್ಲ. ಇದು ತನ್ನ ಕೊನೆಯ ಪಂದ್ಯವೆಂದು ಅವನೇ ಸಾರಿದ್ದ. ಆ ಹೆಸರು ಉಳಿಯುತ್ತದೋ ಹೋಗುತ್ತದೋ ನೋಡಲು ಎರಡೂ ಊರಿನವರು ಬಂದಿದ್ದರು.

ಸೊರಬದ ಪರ ಅವನನ್ನು ಕಾಯಲು ಕಲೀಂ ಇದ್ದ. ಶಾಮಿಯಾನ ಬಾಡಿಗೆಗೆ ಕೊಡುವವನು. ಅಂದು ಪಂದ್ಯ ನೋಡಲು ಬಂದ ಅತಿಥಿಗಳ ತಲೆಯ ಮೇಲಿದ್ದ ಶಾಮಿಯಾನವೂ ಅವನದೇ. ಆಡುತ್ತಿದ್ದ ದಿನಗಳಲ್ಲಿ ಕಲೀಂ ಚೆಂಡು ಎಲ್ಲಿದೆ ಎಂದು ನೋಡುತ್ತಿರಲಿಲ್ಲ, ಚಿಕ್ಕಬೀರಪ್ಪ ಎಲ್ಲಿದ್ದಾನೆ ಎಂದಷ್ಟೇ ನೋಡುತ್ತಿದ್ದ. ಒಮ್ಮೆ ಚಿಕ್ಕಬೀರಪ್ಪ ಕಾಲು ಉಳುಕಿ ಗೆರೆಯಾಚೆ ಕೂತಾಗ, ಕಲೀಂ ಗೆರೆಯೀಚೆ ಕಾವಲು ನಿಂತನಂತೆ. ಇಷ್ಟಾದರೂ ಒಂದು ಸಲವೂ ತಡೆಯಲಾಗಿರಲಿಲ್ಲ.

"ಆ ಕಲೀಂ ಮಗಳು ಆತಿಫಾ ಬೆಳಿಗ್ಗೆ ನಿನ್ನ ಹತ್ರ ಮಾತಾಡ್ತಿದ್ಲು," ಲೋಕಪ್ಪ ದನಿ ತಗ್ಗಿಸಿದ. "ನಮ್ಮಪ್ಪನ ಮರ್ಯಾದೆ ಉಳಿಸಿ ಅಂತ ಅತ್ತಳೇನೋ?"

"ಅಳಲಿಲ್ಲ."

"ಮತ್ತೇನಂದ್ಲು?"

"ಬಿಸಿಲು ಜಾಸ್ತಿ ಅಂದ್ಲು."

"ಬಿಸಿಲಂತೆ! ನೀನು ಕೂತ್ಕ. ವಸಂತ ಇಳೀತಾನೆ."

ವಸಂತ ಹಿರಿಯರ ತಂಡದಲ್ಲಿ ಎಲ್ಲರಿಗಿಂತ ಕಿರಿಯ. ಕಾಲಿಗೆ ಚಕ್ರ ಕಟ್ಟಿಕೊಂಡವನು.

ಚಿಕ್ಕಬೀರಪ್ಪ ಗಕ್ಕನೆ ಎದ್ದು ಲೋಕಪ್ಪನ ತೋಳು ಹಿಡಿದ. "ಬೇರೆ ಯಾರನ್ನಾದ್ರೂ ತೆಗಿ. ನನ್ನ ಮಾತ್ರ ತೆಗೀಬೇಡ ಮಾರಾಯ. ಕೈ ಮುಗೀತೀನಿ."

ಆ ಮುಖ ನೋಡಿ ಲೋಕಪ್ಪನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆದರೆ ಜನ ಬಂದದ್ದು ವಸಂತನನ್ನು ನೋಡಲಲ್ಲ. ಬೇರೊಬ್ಬನನ್ನು ಕೂರಿಸಿ ವಸಂತನನ್ನು ಇಳಿಸಿದ.

ಮತ್ತೆ ಅದೇ ನೆರಳು, ಅದೇ ಜೋಡಿ. ಚಿಕ್ಕಬೀರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. ಗೇಣು ದೂರದಲ್ಲಿ ಕಲೀಂ, ಬೆವರೊರೆಸುತ್ತ.

"ಬೀರಪ್ಪಂಗೊಂದು ಕುರ್ಚಿ ಹಾಕ್ರೋ!" ಜನರ ನಡುವಿನಿಂದ ಯಾರೋ ಕೂಗಿದರು.

"ಕಲೀಂ ಸಾಬ್ರೇ, ಕುರ್ಚಿಗೆ ಬಾಡಿಗೆ ತಗೋಬೇಡ್ರಿ!"

ಚಿಕ್ಕಬೀರಪ್ಪ ಗೆರೆಯಂಚಿನ ಬಾಟಲಿ ಎತ್ತಿ ಕಲೀಂನತ್ತ ಚಾಚಿದ. "ಕುಡೀರಿ ಸಾಹೇಬ್ರೇ. ಆಟ ಇನ್ನೂ ಇದೆ." ಹತ್ತಿರವಿದ್ದವರಿಗೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಕಲೀಂ ಕಣ್ಣು ಕದಲಿಸದೆ ಕುಡಿದ.

ಅಷ್ಟರಲ್ಲಿ ವಸಂತ ಚೆಂಡಿನೊಂದಿಗೆ ಪಕ್ಕದಲ್ಲೇ ನುಗ್ಗಿದ. ಕಲೀಂ ಬಾಟಲಿ ಎಸೆದು ಅವನ ಹಿಂದೆ ತಿರುಗಿದ.

"ನನ್ನ ಬಿಟ್ಟು ಹೊರಟ್ರಾ?" ಚಿಕ್ಕಬೀರಪ್ಪ ಕೂಗಿದ. "ಅಷ್ಟು ಧೈರ್ಯ ಯಾವಾಗ ಬಂತು?"

ಕಲೀಂ ನಿಂತ. ಮರಳಿ ಬಂದ. "ನಿಮ್ಮ ನಾಟಕ ನನಗೆ ಗೊತ್ತು ಬೀರಪ್ಪನೋರೇ. ಇವತ್ತು ನಿಮ್ಮನ್ನ ಬಿಡಲ್ಲ."

"ಬಿಡಬೇಡಿ."

ವಸಂತನ ಹೊಡೆತ ಕಂಬಕ್ಕೆ ಬಡಿಯಿತು. ಲೋಕಪ್ಪ ತಲೆಯ ಮೇಲೆ ಕೈಹೊತ್ತ.

ಇನ್ನೇನು ಪಂದ್ಯ ಮುಗಿಯಬೇಕು, ವಸಂತನೇ ಒದ್ದ ಉದ್ದನೆಯ ಚೆಂಡೊಂದು ನೇರ ಚಿಕ್ಕಬೀರಪ್ಪನ ಮುಂದೆ ಬಿತ್ತು. ಕಲೀಂ ಒಂದು ಹೆಜ್ಜೆ ಹಿಂದುಳಿದಿದ್ದ. ಗೋಲ್ ಕೀಪರ್ ತನ್ನ ಜಾಗ ಬಿಟ್ಟು ಎಲ್ಲೋ ಇದ್ದ. ಎದುರಿಗೆ ಬರೀ ಮಣ್ಣು, ಅದರಾಚೆ ಬಲೆ. ಗೇಲಿ ಮಾಡುತ್ತಿದ್ದವರೆಲ್ಲ ಎದ್ದು ನಿಂತರು. ಲೋಕಪ್ಪ ಅನುಮಾನವನ್ನೆಲ್ಲ ಮರೆತು ಕಿರುಚಿದ.

"ಓಡು ಬೀರಣ್ಣಾ!"

ಅವನು ಓಡಿದ. ಹಳೆಯ ಕಾಲುಗಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಚೆಂಡು ಸಾಕಿದ ನಾಯಿಯಂತೆ ಪಾದದ ಜೊತೆಗೇ ಬಂತು. ಹಿಂದೆ ಕಲೀಂನ ಬೂಟಿನ ಸದ್ದು. ಹತ್ತಿರ. ಇನ್ನೂ ಹತ್ತಿರ.

ಚಿಕ್ಕಬೀರಪ್ಪ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. ಹಿಂತಿರುಗಿ ನೋಡಿದ. ಕಲೀಂ ಬಂದು, ಅಂಗಡಿಯಿಂದ ಉಪ್ಪು ಕೊಂಡಷ್ಟು ಸಲೀಸಾಗಿ ಚೆಂಡು ತೆಗೆದುಕೊಂಡು ಆಚೆ ಒದ್ದ.

ಶಿಳ್ಳೆ ಬಿತ್ತು.

ಸೊರಬದವರು ಕಲೀಂನನ್ನು ಹೆಗಲ ಮೇಲೆ ಹೊತ್ತರು. ಅವನು ಮೇಲಿನಿಂದಲೇ ಕೂಗಿದ, "ಏನ್ರೀ ಬೀರಪ್ಪನೋರೇ, ಕೊನೆಗೂ ತಡೆದ್ನೋ ಇಲ್ವೋ?"

"ತಡೆದ್ರಿ ಸಾಹೇಬ್ರೇ. ಊರಿಗೆಲ್ಲ ಹೇಳ್ಕೊಳ್ಳಿ."

ಲೋಕಪ್ಪ ಉಳಿದವರನ್ನೆಲ್ಲ ಶಿಕಾರಿಪುರದ ವ್ಯಾನಿಗೆ ಹತ್ತಿಸಿದ. ಅದು ಚಿಕ್ಕಬೀರಪ್ಪನಿಗೆ ಕಾಯಲಿಲ್ಲ. ಅವನು ಬಸ್ ನಿಲ್ದಾಣಕ್ಕೆ ನಡೆದ. ಆಟ ಮಾರಿಕೊಂಡವನು ಎಂಬ ಮಾತು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಶಿರಾಳಕೊಪ್ಪದ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇದ್ದರೂ ಇಬ್ಬರು ನಿಂತೇ ಇದ್ದರು.

ಬಸ್ಸು ಹೊರಡುವಷ್ಟರಲ್ಲಿ ಆತಿಫಾ ಓಡಿ ಬಂದು ಕಿಟಕಿಯ ಸರಳು ಹಿಡಿದಳು.

"ಅಂಕಲ್, ಅಬ್ಬಾ ಆರಾಮಾಗಿದಾರೆ; ಎದೆಗೆ ಸ್ಟೆಂಟ್ ಹಾಕಿಸ್ಕೊಂಡು ತಿಂಗಳೂ ಆಗಿಲ್ಲ, ಆಡ್ಬೇಡಿ ಅಂದ್ರೆ ಡಾಕ್ಟರ ಮಾತೂ ಕೇಳಲಿಲ್ಲ, ಆದ್ರೆ ನೀವು ಎಲ್ಲಿ ನಿಲ್ತೀರೋ ಅವರೂ ಅಲ್ಲೇ ನಿಲ್ತಾರೆ ಅಂತ ನನಗೆ ಗೊತ್ತಿತ್ತು."