ಜರ್ಮನ್ ಮೇಷ್ಟ್ರನ್ನು ವಾರ್ಡಿಗೆ ಸೇರಿಸಿದ ಹೊನ್ನಮ್ಮ

ಎಲುಬಿಲ್ಲದ ನಾಲಿಗೆ ಒಮ್ಮೊಮ್ಮೆ ಎಂಥ ಏಟು ಕೊಡುತ್ತದೆ ನೋಡಿ...

ಮೈಸೂರಿನಲ್ಲಿ ಒಂದು ಜರ್ಮನ್ ಕ್ಲಾಸು. ಜರ್ಮನಿಯ ಆಸ್ಪತ್ರೆಗಳಿಗೆ ಹೊರಟ ಹದಿನಾಲ್ಕು ನರ್ಸ್‌ಗಳು ಅಲ್ಲಿ ಭಾಷೆ ಕಲಿಯುತ್ತಿದ್ದರು.

ಅವರಲ್ಲಿ ಮದ್ದೂರು ಕಡೆಯ ಹೊನ್ನಮ್ಮ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೇ ಸಲವೂ ಹೋದರೆ ಅವಳಿಗೆಂದು ಕಾದಿಟ್ಟ ಕೆಲಸ ಬೇರೆಯವರ ಪಾಲು...

ಆ ಸೋಮವಾರ ಅವಳು ಎದ್ದು ನಿಂತು ಒಂದು ವಾಕ್ಯ ಓದಿದಳು. ಪಾಠ ಮಾಡುವ ಶ್ರೀಕಂಠಸ್ವಾಮಿ ಸರ್ ಎರಡೂ ಕಿವಿ ಮುಚ್ಚಿಕೊಂಡರು.

"ಸಾಕಮ್ಮಾ ತಾಯಿ, ಸಾಕು! ಈ ನಾಲಿಗೆ ಮುದ್ದೆ ನುಂಗೋಕೆ ಸರಿ. ಜರ್ಮನ್‌ಗೆ ಆಗಿಬರಲ್ಲ."

ಇಡೀ ಕ್ಲಾಸು ನಕ್ಕಿತು. ಪಕ್ಕದಲ್ಲಿದ್ದ ಗೆಳತಿ ಜೆಸಿಂತಾ ಕೂಡ... ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಹೊನ್ನಮ್ಮ ಅಳಲಿಲ್ಲ. ಪುಸ್ತಕ ಮುಚ್ಚಿ ಕೂತಳು.

ಸಂಜೆ ರೂಮಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಯೋಚಿಸಿದಳು. "ಈ ಮನುಷ್ಯ ಒಂದೇ ಒಂದು ದಿನ ಪೇಷೆಂಟಾಗಿ ನನ್ನ ವಾರ್ಡಿಗೆ ಬರ್ಬೇಕು... ಆಮೇಲೈತೆ!"

ಬರುವವರೆಗೂ ಕಾಯುವುದೇಕೆ? ಮೊಬೈಲ್ ತೆಗೆದು ಅಲ್ಲೇ ಅಡ್ಮಿಟ್ ಮಾಡಿಕೊಂಡೇಬಿಟ್ಟಳು... ಕಥೆಯಲ್ಲಿ. ಅದೂ ಜರ್ಮನ್‌ನಲ್ಲಿ!

ರೋಗಿಯ ಹೆಸರು ಹೆರ್ ಕಂಠ. ಹೆರ್ ಎಂದರೆ ಅಲ್ಲಿ ಶ್ರೀಯುತರು.

ಶ್ರೀಯುತರ ಸೊಂಟಕ್ಕೆ ಸೂಜಿ ಚುಚ್ಚಬೇಕು. ಸೂಜಿಗೆ ಜರ್ಮನ್‌ನಲ್ಲಿ ಏನನ್ನುತ್ತಾರೆ? ಸೊಂಟಕ್ಕೆ? ಅಯ್ಯೋ ಎನ್ನುವುದಕ್ಕೆ? ಡಿಕ್ಷನರಿ ತೆರೆದಳು.

ವಿಚಿತ್ರ ನೋಡಿ... ನೂರು ಸಲ ಉರು ಹೊಡೆದರೂ ನಿಲ್ಲದಿದ್ದ ಪದಗಳು, ಹೆರ್ ಕಂಠನಿಗೆ ಚುಚ್ಚಿದ ಕೂಡಲೇ ಅವಳ ತಲೆಯಲ್ಲಿ ನಾಟಿಕೊಂಡವು!

ಪ್ರತಿ ಶುಕ್ರವಾರ ಗೆಳತಿಯರ ವಾಟ್ಸಾಪ್ ಗುಂಪಿಗೆ ಒಂದು ಕಂತು. ಒಂದು ವಾರ ಉಪ್ಪಿಲ್ಲದ ಗಂಜಿ. ಇನ್ನೊಂದು ವಾರ ರೋಗಿ ಬೆಡ್‌ಪ್ಯಾನ್ ಕೇಳಿದರೆ ಸಿಸ್ಟರ್ ಹೇಳುತ್ತಾಳೆ, "ವ್ಯಾಕರಣ ತಪ್ಪು. ವಾಕ್ಯ ಸರಿಯಾಗಿ ಹೇಳಿ, ಆಮೇಲೆ ಕೊಡ್ತೀನಿ!"

ಅಲ್ಲಿಗೆ ಆ ಕಂತು ಮುಗಿಯಿತು. ಬೆಳಗಾಗುತ್ತಲೇ ಜೆಸಿಂತಾಳ ಫೋನ್.

"ಹೊನ್ನೀ, ಕೊಟ್ಟಳೋ ಇಲ್ವೋ ಹೇಳೇ!"

"ಶುಕ್ರವಾರದ ತನಕ ತಡ್ಕೋ. ಅವನೂ ತಡ್ಕೊಂಡವ್ನೆ!"

ಕಥೆ ತಿಳಿಯಬೇಕಲ್ಲ... ಗೆಳತಿಯರೂ ಡಿಕ್ಷನರಿ ಹಿಡಿದು ಕೂತರು.

ಏಳನೇ ಕಂತಿನಲ್ಲಿ ಹೆರ್ ಕಂಠನ ಮೂಗಿಗೆ ಟ್ಯೂಬು. ಕಳಿಸುವ ಅವಸರದಲ್ಲಿ ಬೆರಳು ಜಾರಿ ಅದು ಕ್ಲಾಸಿನ ಗುಂಪಿಗೆ ಹೋಯಿತು. ಅದರ ಅಡ್ಮಿನ್ ಸಾಕ್ಷಾತ್ ಶ್ರೀಕಂಠಸ್ವಾಮಿ ಸರ್! ಅಳಿಸುವಷ್ಟರಲ್ಲಿ ಅವರು ಓದಿ ಆಗಿತ್ತು...

ಸೋಮವಾರ ಸರ್ ಬಂದರು. ಕೈಯಲ್ಲಿ ಆ ಕಂತಿನ ಪ್ರಿಂಟು. ಅದರ ತುಂಬಾ ಕೆಂಪು ಇಂಕು.

"ಹೊನ್ನಮ್ಮ, ನಲವತ್ತೊಂದು ತಪ್ಪು. ಚುಚ್ಚೋದಾದ್ರೆ ನೆಟ್ಟಗೆ ಚುಚ್ಚಮ್ಮ! 'ಯಾಕಂದ್ರೆ' ಅಂತ ಶುರು ಮಾಡಿದ್ರೆ ಕ್ರಿಯಾಪದ ಕೊನೇಲಿ ಬರ್ಬೇಕು."

ಹಾಳೆ ಕೊಟ್ಟು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಆಮೇಲೆ... ಆ ಟ್ಯೂಬು ಯಾವಾಗ ತೆಗೀತಾಳೆ?"

ಎಲ್ಲರೂ ನಕ್ಕರು. ಹೊನ್ನಮ್ಮ ನಗಲಿಲ್ಲ. ಅಷ್ಟಕ್ಕೆಲ್ಲ ಕರಗುವವಳಲ್ಲ ಅವಳು. ಅವಮಾನ ಎಲ್ಲರ ಮುಂದೆ ಆಗಿತ್ತಲ್ಲವೇ... ತೀರ್ಮಾನವೂ ಎಲ್ಲರ ಮುಂದೆಯೇ ಆಗಬೇಕು.

ಅಂದಿನಿಂದ ಪ್ರತಿ ಕಂತೂ ಸರ್ ಕೈಗೆ ಹೋಗಿ ಬರತೊಡಗಿತು. ತಪ್ಪುಗಳು ನಲವತ್ತೊಂದರಿಂದ ಇಪ್ಪತ್ತಾರಕ್ಕೆ ಇಳಿದವು... ಆಮೇಲೆ ಒಂಬತ್ತಕ್ಕೆ.

ಪರೀಕ್ಷೆಯ ದಿನ. ಪರೀಕ್ಷಕರು ಮಂಚದ ಮೇಲೆ ಮಲಗಿದ ರೋಗಿಯ ಚಿತ್ರ ತೋರಿಸಿ, "ಇವರ ಬಗ್ಗೆ ಮಾತಾಡಿ" ಎಂದರು. ಹೊನ್ನಮ್ಮನ ಕಣ್ಣಿಗೆ ಕಂಡವನು ಹೆರ್ ಕಂಠ! ಶುರು ಮಾಡಿದವಳನ್ನು ಅವರೇ ನಿಲ್ಲಿಸಬೇಕಾಯಿತು...

ಪಾಸ್!

ಉಳಿದದ್ದು ಕೊನೆಯ ಕಂತು.

"ಸಾಯಿಸ್ಬೇಡ ಕಣೇ, ಪಾಪ," ಎಂದಳು ಜೆಸಿಂತಾ.

"ಸಾಯ್ಸಕಿಲ್ಲ ಬುಡು. ಸತ್ತೋರು ಕ್ಷಮೆ ಕೇಳ್ತಾರಾ?"

ಸೋಮವಾರ ಕ್ಲಾಸಿನಲ್ಲಿ ಹಾಳೆಯನ್ನು ಸರ್ ಮುಂದೆ ಇಟ್ಟಳು. "ಇದನ್ನ ನೀವೇ ಓದ್ಬೇಕು ಸಾರ್. ನಿಂತ್ಕೊಂಡು... ಜೋರಾಗಿ."

ಸರ್ ಓದಿದರು. ಹೆರ್ ಕಂಠನಿಗೆ ವಾಸಿಯಾಗಿದೆ. ಡಿಸ್ಚಾರ್ಜ್ ಆಗಿ ಬಾಗಿಲವರೆಗೆ ಬಂದವನು ಸಿಸ್ಟರ್ ಕಡೆ ತಿರುಗುತ್ತಾನೆ. "ಅಂದು ಎಲ್ಲರ ಮುಂದೆ ನಿಮ್ಮ ನಾಲಿಗೆಯನ್ನು ಹೀಯಾಳಿಸಿದೆ..."

ಸರ್ ಓದುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದರು. ಹಾಳೆ ಮಡಚಿದರು.

"ಉಳಿದಿದ್ದು ಓದಲ್ಲ ಹೊನ್ನಮ್ಮ. ನಾನೇ ಹೇಳ್ತೀನಿ... ಅದು ಕಂಠ ಹೇಳೋ ಮಾತಲ್ಲ. ಆವತ್ತು ಇವರೆಲ್ಲರ ಮುಂದೆ ಅಂದವನು ನಾನು. ತಪ್ಪಾಯ್ತು ಕಣಮ್ಮ."

ಕನ್ನಡಕ ಮತ್ತೆ ಹಾಕಿಕೊಂಡರು. "ಇಪ್ಪತ್ತು ವರ್ಷ ಪಾಠ ಮಾಡಿದೀನಿ. ನಿನ್ನ ಕಂತಿಗೆ ಕಾದ ಹಾಗೆ ನನ್ನ ಪಾಠಕ್ಕೆ ಕಾದು ಕೂತವರನ್ನ ಒಬ್ಬರನ್ನೂ ನೋಡಿಲ್ಲ."

ಜೆಸಿಂತಾ ಮೂಗು ಒರೆಸಿಕೊಂಡಳು. ಹೊನ್ನಮ್ಮನ ಕಣ್ಣೂ ತುಂಬಿತು... ಆದರೆ "ಪರವಾಗಿಲ್ಲ ಸಾರ್" ಎಂದು ಮಾತ್ರ ಅವಳು ಅನ್ನಲಿಲ್ಲ.

ಬ್ಯಾಗಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಸರ್ ಮುಂದೆ ಇಟ್ಟಳು. ಬಿಸಿ ಮುದ್ದೆ, ಬಸ್ಸಾರು.

ಸರ್ ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

ಹೊನ್ನಮ್ಮ ಅವರ ಜೇಬಿನ ಕೆಂಪು ಪೆನ್ನನ್ನೇ ಎಳೆದುಕೊಂಡಳು. "ತಪ್ಪು! ಅಗಿಯಂಗಿಲ್ಲ ಸಾರ್, ನುಂಗ್ಬೇಕು. ಈ ನಾಲಿಗೆ ಮುದ್ದೆಗೆ ಆಗಿಬರಲ್ಲ... ಇನ್ನೊಂದ್ಸಲ!"

ಆರು ತಿಂಗಳಲ್ಲಿ ಅಂದೇ ಮೊದಲ ಬಾರಿ ಅವಳು ಆ ಕ್ಲಾಸಿನಲ್ಲಿ ಬಾಯ್ತುಂಬಾ ನಕ್ಕಳು...

ಸೇಡನ್ನು ಎದೆಯಲ್ಲಿ ಸುಮ್ಮನೆ ಕೂರಿಸಬೇಡಿ, ಕೆಲಸಕ್ಕೆ ಹಚ್ಚಿ.

ನಿಮ್ಮನ್ನು ನಾಲ್ಕು ಜನರ ಮುಂದೆ ಹೀಯಾಳಿಸಿದ ಆ ಒಬ್ಬರು... ಈಗ ನಿಮ್ಮ ಕಥೆಯ ಎಷ್ಟನೇ ಕಂತಿನಲ್ಲಿದ್ದಾರೆ?