ಹಾಡಿಗೆ ನಲವತ್ತು ಸೆಕೆಂಡು

“ಇನ್ನೊಮ್ಮೆ ಅಳಬೇಕಮ್ಮಾ. ಈ ಸಲ ಫೋಟೊ ನೋಡ್ಕೋತ,” ಎಂದರು ಶ್ರೀರಾಮುಲು.

ಹೈದರಾಬಾದಿನ ಟಿ.ವಿ. ವಾಹಿನಿಯೊಂದರ ಮಕ್ಕಳ ಹಾಡಿನ ಸ್ಪರ್ಧೆಗೆ ಅವರು ನಿರ್ದೇಶಕರು. ಆದೋನಿಯ ಮೊದಲ ಸುತ್ತಿನಲ್ಲಿ ಗೆದ್ದ ಹನ್ನೊಂದು ವರ್ಷದ ಸುಹಾಸಿನಿಯ ಮನೆಯನ್ನು ಚಿತ್ರೀಕರಿಸಲು ನಾಗಲದಿನ್ನೆಗೆ ಬಂದಿದ್ದರು. ಇದೂ ಸೇರಿ ಗೆದ್ದ ಮಕ್ಕಳ ಆರು ಮನೆ ನೋಡಬೇಕು. ಹೈದರಾಬಾದಿಗೆ ಹೋಗುವುದು ಒಂದೇ ಮಗು.

ಗೋಡೆಯ ಮೇಲೆ ದಪ್ಪ ಮೀಸೆಯ ಗಂಡಸಿನ ಫೋಟೊ, ಚೆಂಡುಹೂವಿನ ಹಾರ. ಮದುವೆಯ ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅಂಚಿನಲ್ಲಿ ಹೆಂಡತಿಯ ಭುಜ ಉಳಿದುಬಿಟ್ಟಿತ್ತು. ಕೆಳಗೆ ಆ ಹೆಂಡತಿ, ಶಿವಲಕ್ಷ್ಮಿ. ಕುಂಕುಮವಿಲ್ಲದ ಹಣೆ, ಬಳೆಯಿಲ್ಲದ ಕೈ. ಕಾಲುಂಗುರ ತೆಗೆದ ಬೆರಳಿನಲ್ಲಿ ಬಿಳಿ ಗುರುತು ಇನ್ನೂ ಮಾಸಿರಲಿಲ್ಲ.

“ಯಜಮಾನ್ರ ಹೆಸರು ಹೇಳಿ ಅಳ್ರಿ.”

ಆಕೆ ಬಾಯಿ ತೆರೆದಳು. ಗಂಡನ ಹೆಸರನ್ನು ಎಂದೂ ಹೇಳಿದವಳಲ್ಲ. ಬಾಗಿಲಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು, ಥರ್ಮಾಕೋಲ್ ಹಲಗೆಯಿಂದ ಬಿಸಿಲನ್ನು ಒಳಗೆ ತಿರುಗಿಸುತ್ತಿದ್ದವನತ್ತ ನೋಡಿ ತಲೆ ತಗ್ಗಿಸಿದಳು.

“ಹೆಂಗ ಹೇಳ್ಲಿ ಸಾರ್?”

“ಅದ್ಭುತಂ! ಗಂಟಲು ಕಟ್ಟಿತು ನೋಡು. ಅದನ್ನ ಇಟ್ಕೋ.” ಕ್ಯಾಮೆರಾದ ಬಸವಕಿರಣ ತಲೆಯಾಡಿಸಿದ.

“ನಮ್ಮಪ್ಪನ ಹೆಸರು ಉರುಕುಂದ,” ಎಂದಳು ಸುಹಾಸಿನಿ.

“ಏ ಪಾಪಾ, ಬಾಗಿಲ ಕಡಿ ನೋಡಬ್ಯಾಡ ಅಂದೆ. ನಿಮ್ಮಪ್ಪ ಗ್ವಾಡಿಮ್ಯಾಲ ಅದಾನ.”

“ನಾ ಹಾಡ್ಲಾ ಸಾರ್?”

“ಹಾಡು ಎಲ್ಲಾರೂ ಹಾಡ್ತಾರ. ಮೊದ್ಲು ಅಳು.”

ಅಜ್ಜಿ ಪೀರಮ್ಮನನ್ನು ಕರೆದರು. ಮಗನ ಸಾವಿನ ಬಗ್ಗೆ ಎರಡು ಮಾತು ಬೇಕಿತ್ತು. ಆಕೆ ಅಂಗಳಕ್ಕೆ ಹೋಗಿ ಉಗುಳಿ ಬಂದಳು. “ಹೆತ್ತಾಕಿ ಬಾಯಿಲೆ ಆ ಮಾತು ಆಡಂಗಿಲ್ಲ. ನಿಮ್ಮ ಟಿ.ವಿ.ಗೆ ಮಣ್ಣು ಹಾಕ.”

ಶ್ರೀರಾಮುಲು ಬಿಸ್ಕೀಟು ಚಹಾಕ್ಕೆ ಅದ್ದಿದರು. “ಇರ್ಲಿ ಬಿಡು. ಕುಡದು ಸತ್ತ ಅಂತ ಹಾಕೋಣ. ಕುಡುಕನ ಮಗಳು ಅಂದ್ರ ಜನ ಓಟು ಹಾಕ್ತಾರ.”

“ಅವ್ರು ಕುಡಿಯೋರಲ್ಲ ಸಾರ್,” ಎಂದಳು ಶಿವಲಕ್ಷ್ಮಿ.

“ಸತ್ತೋರು ಬಂದು ಕೇಳ್ತಾರೇನಮ್ಮಾ?”

ಬಾಗಿಲಲ್ಲಿ ಹಲಗೆ ನಡುಗಿತು. ಬೆಳಕು ಗೋಡೆಯ ತುಂಬ ಅಲೆದಾಡಿತು.

“ಏಯ್, ಸುಮ್ನ ಹಿಡಿ! ಅಷ್ಟೂ ಬರಂಗಿಲ್ಲೇನು?”

ಹಲಗೆ ನಿಂತಿತು.

ಮೂರು ಗಂಟೆಯ ಮೇಲೆ ಹಾಡಿನ ಸರದಿ ಬಂತು. ಸುಹಾಸಿನಿ, ಹತ್ತಿ ಬಿಡಿಸುವಾಗ ಅಜ್ಜಿ ಹೇಳಿಕೊಡುತ್ತಿದ್ದ ಪದವೊಂದನ್ನು ಎತ್ತಿಕೊಂಡಳು. ಓಣಿಯಲ್ಲಿ ಮಾತು ನಿಂತಿತು. ನಲವತ್ತು ಸೆಕೆಂಡಿಗೆ ಶ್ರೀರಾಮುಲು ಕೈ ಎತ್ತಿದರು, ಸಾಕು. ಅಷ್ಟು ಹೊತ್ತೂ ಕ್ಯಾಮೆರಾ ತಾಯಿಯ ಬರಿಗಾಲಿನ ಮೇಲಿತ್ತು.

“ಉಳಿದ ಐದು ಮನಿ ನೋಡೋದೇ ಬ್ಯಾಡ. ಈಕಿನೇ.”

ಶಿವಲಕ್ಷ್ಮಿ ಮಗಳನ್ನು ಅವುಚಿಕೊಂಡಳು. ಬಸವಕಿರಣ ಒಪ್ಪಿಗೆ ಪತ್ರ ಬಿಚ್ಚಿದ. “ಇಲ್ಲಿ ತಂದೆ ಸಹಿ. ತಂದೆ ಇಲ್ಲಾಂದ್ರ ಡೆತ್ ಸರ್ಟಿಫಿಕೇಟು ಹಚ್ಚಬೇಕು.”

“ಅದು ಇಲ್ಲ ಸಾರ್.”

“ಎರಡರಾಗ ಒಂದು ಇಲ್ಲಾಂದ್ರ ಹುಡುಗಿ ಹೈದರಾಬಾದಿಗೆ ಬರಂಗಿಲ್ಲ. ನಮ್ಮ ಟಿ.ವಿ. ವಕೀಲರು ಬಿಡಂಗಿಲ್ಲ.” ಶ್ರೀರಾಮುಲು ಜೇಬಿನಿಂದ ಪೆನ್ನು ತೆಗೆದು ಬಾಗಿಲ ಕಡೆ ಚಾಚಿದರು.

ಹಲಗೆ ಹಿಡಿದಿದ್ದವನು ಅದನ್ನು ಗೋಡೆಗೆ ಒರಗಿಸಿ, ಟವೆಲ್ ಬಿಚ್ಚಿ ಮೀಸೆಯ ಬೆವರು ಒರೆಸಿಕೊಂಡು, ಹಾರ ಹಾಕಿದ ತನ್ನದೇ ಫೋಟೊದ ಕೆಳಗೆ ಕೂತು, ‘ತಂದೆ’ ಎಂದಿದ್ದಲ್ಲಿ ‘ಉರುಕುಂದ’ ಎಂದು ಬರೆದ.